ಒಂಬತ್ತು ಚುಕ್ಕಿಯ ಬೀಗ

ಅತ್ತೆಯ ಬೆರಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಹೆಬ್ಬೆರಳು, ತೋರುಬೆರಳು ಎರಡೂ ಬಟ್ಟೆ ಒಗೆಯುವ ಕಲ್ಲಿನ ಹಾಗೆ ನುಣ್ಣಗಾಗಿದ್ದವು. ಅವರು ನಮ್ಮ ಪಕ್ಕದ ಮನೆಯವರು. ರಕ್ತಸಂಬಂಧವೇನೂ ಇಲ್ಲ, ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅಮ್ಮನಿಗಿಂತ ಹಿರಿಯ ಹೆಂಗಸರೆಲ್ಲ ನನಗೆ ಅತ್ತೆಯರೇ.

ಬೆರಳು ಹಾಗೆ ಸವೆದದ್ದು ಕೆಚ್ಚಿ ಕೆಚ್ಚಿ. ಮಗ್ಗದ ಮೇಲೆ ಉದ್ದನೆಯ ಎಳೆಗಳ ಒಂದು ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಸೇರಿಸಬೇಕು. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು, ಒಂದರ ಹಿಂದೆ ಒಂದು, ಸಾವಿರಾರು ಎಳೆ. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಅತ್ತೆ ಬೀದಿಯ ಅರ್ಧ ಮಗ್ಗಗಳಿಗೆ ಕೆಚ್ಚಿದವರು. ಬಿ.ಕಾಂ. ಮುಗಿಸಿ ಕೆಲಸವಿಲ್ಲದೆ ಮುಖ ಊದಿಸಿಕೊಂಡು ಕೂತಿದ್ದ ನನ್ನನ್ನು ಒಂದು ದಿನ ಎಳೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಸಿಕ್ಕಲ್ಲಿಂದ ಶುರುಮಾಡಿ ಎಲ್ಲವನ್ನೂ ಕಗ್ಗಂಟು ಮಾಡಿದೆ. ಅವರು ಬೈಯಲಿಲ್ಲ.

"ನಡೂಕ್ ಕೈ ಹಾಕ್ಬಾರ್ದು ಕಣವ್ವ. ಎಡಗಡೆ ಅಂಚು, ನಿನ್ನ ಹತ್ರಕ್ಕಿರೋ ಎಳೆ. ಅಲ್ಲಿಂದ ಹಿಡಿ. ಮಿಕ್ಕಿದ್ದು ತಾನೇ ಬರ್ತದೆ."

ಅವರ ಯಜಮಾನರು ತೀರಿಕೊಂಡ ಮೇಲೆ ಮನೆಯ ಎರಡು ಮಗ್ಗಗಳನ್ನೂ ಬಿಚ್ಚಿ ಕೊಟ್ಟುಬಿಟ್ಟಿದ್ದರು. ಮಗ ನೆಲಮಂಗಲದ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಹಾಗಿರುವಾಗ ಒಂದು ಮಧ್ಯಾಹ್ನ ಕರೆಂಟು ಹೋಯಿತು. ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಮಗ್ಗಗಳೆಲ್ಲ ಒಮ್ಮೆಗೇ ನಿಂತು ಕಿವಿ ಮುಚ್ಚಿದಂತಾಗುತ್ತದೆ. ಚಾಪೆಯ ಮೇಲೆ ಅರೆನಿದ್ದೆಯಲ್ಲಿದ್ದ ನನಗೆ ಎಲ್ಲೋ ಒಂದೇ ಒಂದು ಮಗ್ಗ ಆಡುವ ಸದ್ದು ಕೇಳಿಸಿತು. ಟಕಟಕ ಟಕಟಕ, ಬಹಳ ಸಣ್ಣಗೆ. ಕನಸೇ ಇರಬೇಕೆಂದು ಮಗ್ಗುಲು ಬದಲಿಸಿದೆ. ಮುಂದಿನ ಸಲ ಕರೆಂಟು ಹೋದಾಗಲೂ ಅದೇ ಸದ್ದು ಬಂತು. ಎದ್ದು ಹೋಗಿ ನೋಡಿದೆ. ಅತ್ತೆ ಮಗ್ಗ ಬಿಚ್ಚಿದ ಖಾಲಿ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಸದ್ದು ಬರುತ್ತಿದ್ದದ್ದು ಕಿವಿಗೆ ಹಿಡಿದ ಮೊಬೈಲಿನಿಂದ.

ಯಜಮಾನರು ಒಮ್ಮೆ ಮಗ್ಗದ ಮುಂದಿನಿಂದ ಅವರಿಗೆ ಫೋನು ಮಾಡಲು ಹೋಗಿ, ಎಲ್ಲೋ ಹೆಬ್ಬೆರಳು ಒತ್ತಿ ಹಿಡಿದು, ಗೊತ್ತಿಲ್ಲದೆ ಧ್ವನಿ ಸಂದೇಶ ಕಳಿಸಿಬಿಟ್ಟಿದ್ದರಂತೆ. ಅರ್ಧ ನಿಮಿಷ ಬರೀ ಮಗ್ಗದ ಸದ್ದು. ಕೊನೆಯಲ್ಲಿ ಅವರ ದನಿ: "ಎಳೆ ಹೋಯ್ತು, ಬಾರೇ." ಅಷ್ಟೇ ಇದ್ದದ್ದು.

"ಯಾರ್ಗೂ ಹೇಳ್ಬೇಡ ಕೂಸೇ, ನಗ್ತಾರೆ," ಎಂದರು. ಆಮೇಲೆ ತಾವೇ ಹೇಳಿದರು: "ಮೊಮ್ಮಗಳು ಆಟ ಆಡ್ತಾ ಇದೊಂದ್ನ ಅಳಿಸಿಬಿಟ್ರೆ ನಾನೇನ್ ಮಾಡ್ಲಿ? ಒಂದು ಬೀಗ ಹಾಕ್ಕೊಡು."

ಬೆರಳಚ್ಚಿನ ಬೀಗ ಸುಲಭ ಎಂದು ನಾನು ಹೊರಟೆ. ಹೆಬ್ಬೆರಳು ಇಟ್ಟರು, ಮೊಬೈಲು ಒಪ್ಪಲಿಲ್ಲ. ತೊಳೆದು ಇಟ್ಟರು, ಸೆರಗಿಗೆ ಒರೆಸಿ ಇಟ್ಟರು, ಎಡಗೈಯದನ್ನೂ ಇಟ್ಟರು. ಒತ್ತಿ ಇಡಿ ಅತ್ತೆ ಅಂದರೆ, ರೇಷ್ಮೆ ಮುಟ್ಟಿದ ಕೈ, ಗಾಜಿಗೂ ಹಾಗೇ ಮೆಲ್ಲಗೆ ಸೋಕಿಸುತ್ತಿದ್ದರು. "ರೇಷನ್ ಅಂಗ್ಡೀಲೂ ಹಿಂಗೇ ಅಂತದೆ. ನಾನು ನಾನಲ್ವಂತೆ," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅಂಕಿಗಳು ಅವರಿಗೆ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ಚುಕ್ಕಿ ಸೇರಿಸುವ ಬೀಗ ತೆರೆದು ತೋರಿಸಿದೆ. ಒಂಬತ್ತು ಚುಕ್ಕಿ ಕಂಡದ್ದೇ ತಡ, ಅತ್ತೆಯ ಮುಖ ಅರಳಿತು.

"ಅಯ್ಯೋ, ರಂಗೋಲಿ ಇದು. ಮೊದ್ಲೇ ಹೇಳ್ಬಾರ್ದಾ?"

ಸುತ್ತಲಿನ ಎಂಟು ಚುಕ್ಕಿಯನ್ನು ಒಂದೇ ಗೆರೆಯಲ್ಲಿ ಬಳಸಿ, ನಡುವಿನ ಚುಕ್ಕಿಯನ್ನು ಹಾಗೇ ಬಿಟ್ಟರು. ಹೊಸಲಿನ ಮುಂದೆ ದಿನಾ ಬೆಳಿಗ್ಗೆ ಇಡುತ್ತಿದ್ದ ರಂಗೋಲಿಯೇ ಅದು. ಬೀಗದ ಕೈಯನ್ನು ಬಾಗಿಲ ಮುಂದೆ ಬರೆದಿಟ್ಟ ಹಾಗಾಯಿತಲ್ಲ ಅತ್ತೆ, ಹಾಲಿನವನಿಂದ ಹಿಡಿದು ಇಡೀ ಬೀದಿಗೆ ಗೊತ್ತಾಗುತ್ತದೆ ಎಂದೆ. ಅವರು ನನ್ನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವರ ಚಿಂತೆ ಬೇರೆಯದಾಗಿತ್ತು. ಕೊನೆಯ ಚುಕ್ಕಿಯಿಂದ ಮೊದಲ ಚುಕ್ಕಿಗೆ ಗೆರೆ ಕೂಡುತ್ತಿರಲಿಲ್ಲ. ಒಮ್ಮೆ ಮುಟ್ಟಿದ ಚುಕ್ಕಿಯನ್ನು ಮೊಬೈಲು ಮತ್ತೆ ಮುಟ್ಟಗೊಡುವುದಿಲ್ಲ. ಎರಡು ದಿನ ಅದೇ ಕೊರಗು. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಹೊಸಲಿನ ರಂಗೋಲಿಯಲ್ಲೂ ಅಷ್ಟೇ ಸಂದು ಬಿಟ್ಟಿದ್ದರು.

"ಇರ್ಲಿ ಬಿಡು. ಹೋದೋರು ಬರಾಕೆ ಒಂದು ಬಾಗ್ಲು ಬೇಕಲ್ಲ," ಎಂದರು.

ಅಲ್ಲಿಂದಾಚೆ ನಾಲ್ಕು ವರ್ಷ ಕರೆಂಟಿಲ್ಲದ ಮಧ್ಯಾಹ್ನಗಳಲ್ಲಿ ನಮ್ಮ ಬೀದಿಯಲ್ಲಿ ಒಂದು ಮಗ್ಗ ಆಡುತ್ತಲೇ ಇತ್ತು. ನನಗೆ ಕೆಲಸ ಸಿಕ್ಕಿತು, ಮದುವೆಯಾಯಿತು, ಎರಡು ಬೀದಿ ಆಚೆಗೆ ಹೋದೆ. ಅತ್ತೆ ಹೋದದ್ದು ಚಳಿಗಾಲದ ಒಂದು ಬೆಳಿಗ್ಗೆ, ರಂಗೋಲಿ ಇಟ್ಟು ಒಳಗೆ ಬಂದು ಕೂತವರು ಏಳಲಿಲ್ಲ. ಮಣ್ಣು ಮಾಡಿ ಬರುವಷ್ಟರಲ್ಲಿ ಜನರ ಕಾಲಿಗೆ ಸಿಕ್ಕಿ ಆ ರಂಗೋಲಿಯೂ ಅಳಿಸಿಹೋಗಿತ್ತು.

ತಿಥಿ ಕಳೆದ ಮೇಲೆ ಹೋದಾಗ ಮಗ ಜಗಲಿಯ ಮೇಲೆ ಮೊಬೈಲು ಹಿಡಿದುಕೊಂಡು ಕೂತಿದ್ದ.

"ಅವ್ವಂದು ರಂಗೋಲಿ ನಮ್ಗೇ ಗೊತ್ತಿಲ್ವಾ? ಎಷ್ಟು ಸಲ ಎಳೆದ್ರೂ ತೆಗೀತಿಲ್ಲ ಕಣಮ್ಮ. ಸಾಯಂಕಾಲ ಅಂಗಡಿಗೆ ಕೊಟ್ಟು ಎಲ್ಲಾ ಅಳಿಸಿಸ್ಬಿಡ್ತೀನಿ, ಮಗಳಿಗಾಗ್ತದೆ."

ಅತ್ತೆ ಯಾರಿಗೂ ಹೇಳಬೇಡ ಎಂದಿದ್ದರು. ಹೇಳದಿದ್ದರೆ ಸಂಜೆಯ ಹೊತ್ತಿಗೆ ಆ ದನಿ ಇರುವುದಿಲ್ಲ.

"ಎಲ್ಲಿಂದ ಶುರು ಮಾಡ್ತಿದೀಯಾ ಅಣ್ಣ?"

"ಮೇಲಿಂದ. ಇನ್ನೆಲ್ಲಿಂದ ಮಾಡ್ತಾರೆ?"

ಕೈ ಚಾಚಿ ಇಸಿದುಕೊಂಡೆ. ಎಡಗಡೆ ಅಂಚು, ನನ್ನ ಹತ್ತಿರದ ಚುಕ್ಕಿ. ಒತ್ತದೆ, ಸೋಕಿಸಿ ಮೇಲಕ್ಕೆಳೆದೆ. ಮಿಕ್ಕಿದ್ದು ತಾನೇ ಬಂತು. ಮೊಬೈಲು ತೆರೆಯಿತು.

ಹುಡುಕಬೇಕಾಗಲಿಲ್ಲ, ಅತ್ತೆ ಕೊನೆಯ ಸಲ ಕೇಳಿದ್ದೂ ಅದನ್ನೇ. ಮಗ್ಗ ಆಡತೊಡಗಿತು. ಆತ ಏನೆಂದು ತಿಳಿಯದೆ ನನ್ನ ಮುಖವನ್ನೇ ನೋಡುತ್ತಿದ್ದ. "ಎಳೆ ಹೋಯ್ತು, ಬಾರೇ" ಎಂದು ಅವನ ಅಪ್ಪ ಅಂದರು. ಅವನು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಮತ್ತೆ ಮಗ್ಗದ ಸದ್ದು ಕೇಳಿತು. ಮೊಬೈಲನ್ನು ಅಂಗಡಿಗೆ ಕೊಡಲಿಲ್ಲ.

ಮಾತು ತಪ್ಪಿದೆ ಅತ್ತೆ, ಆದರೆ ಯಾರೂ ನಗಲಿಲ್ಲ. ಯಾವ ಕಷ್ಟ ಬಂದರೂ ಅಂಚಿನಿಂದ ಹಿಡಿಯುವುದನ್ನು ನೀವು ಕಲಿಸಿದಿರಿ, ಆ ಋಣ ದೊಡ್ಡದು. ನಮ್ಮ ಹೊಸಲಿನ ರಂಗೋಲಿಯಲ್ಲೂ ಈಗ ಒಂದು ಸಂದು ಇರುತ್ತದೆ. ನನ್ನ ಮೊಬೈಲಿನ ಬೀಗವೂ ಅದೇ. ಇಷ್ಟೆಲ್ಲ ಬರೆದ ಮೇಲೆ ಅದನ್ನು ಬದಲಾಯಿಸು ಎನ್ನುತ್ತಾರೆ ನಮ್ಮ ಮನೆಯವರು. ಬೆರಳು ಒಪ್ಪುತ್ತಿಲ್ಲ.