ತಪ್ಪು ವಸ್ತಾದನದೋ, ಪೈಲ್ವಾನನದೋ

ನಮ್ಮ ಹಿತ್ತಿಲ ಗೋಡೆಯ ಆಚೆಗೆ ಗರಡಿಯ ಕಟ್ಟೆ. ಕಟ್ಟೆಗೆ ಒಂದು ಬೇವಿನ ಮರ, ಮರದ ಕೆಳಗೆ ಹೊತ್ತು ಇಳಿಯುವಾಗ ಕೂಡುತ್ತಿದ್ದ ಏಳೆಂಟು ಗಂಡಸರು. ಗೋಡೆಯ ಈಚೆಗೆ ಕುಳಿತು ನಾನು ಜೋಳ ಹಸನು ಮಾಡುತ್ತಿದ್ದೆ. ಯಲಬುರ್ಗಾಕ್ಕೆ ಸೊಸೆಯಾಗಿ ಬಂದ ವರ್ಷ ಆ ಊರಿನ ಬಗ್ಗೆ ನನಗೆ ಗೊತ್ತಾದದ್ದೆಲ್ಲ ಆ ಗೋಡೆ ದಾಟಿ ಬಂದದ್ದೇ. ಲಡಾಯಿಯ ಕಾಲ ಅದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅರಿವೆ ಸಿಗುತ್ತಿರಲಿಲ್ಲ. ಆದರೂ ಕಟ್ಟೆಯ ಮೇಲೆ ಲಡಾಯಿಯ ಮಾತು ಒಂದು ದಿನ ನಡೆದರೆ ದೊಡ್ಡದು. ಉಳಿದ ದಿನಗಳಲ್ಲಿ ಒಂದೇ ವಾದ. ನಮ್ಮೂರ ಪೈಲ್ವಾನ ಕುಸ್ತಿ ಸೋತದ್ದು ಯಾರ ತಪ್ಪು? ಪಟ್ಟು ಕಲಿಸಿದ ವಸ್ತಾದನದೋ, ಕಣಕ್ಕಿಳಿದ ಪೈಲ್ವಾನನದೋ?

ವಸ್ತಾದ ಅಂದರೆ ನನ್ನ ಮಾವ. ಪೈಲ್ವಾನ ಅಂದರೆ ನನ್ನ ಗಂಡ.

ಕಟ್ಟೆಯಲ್ಲಿ ಎರಡು ಪಕ್ಷಗಳಿದ್ದವು. ಒಂದಕ್ಕೆ ಚಹಾದಂಗಡಿಯವನು ಮುಂದಾಳು. ಅವನ ಪ್ರಕಾರ ವಸ್ತಾದ ದೇವರಂಥವನು, ಹುಡುಗನೇ ಮೈಗಳ್ಳ, ಎದುರಾಳಿ ಮೈಮೇಲೆ ಬಂದಾಗ ಕಣ್ಣು ಮುಚ್ಚುತ್ತಾನೆ. ಇನ್ನೊಂದಕ್ಕೆ ಕಚೇರಿಯ ಕೆಲಸ ಬಿಟ್ಟು ಮನೆಯಲ್ಲಿದ್ದ ಮುದಿ ಜವಾನ. ಅವನ ಪ್ರಕಾರ ಹುಡುಗ ಹುಲಿ, ವಸ್ತಾದನ ಪಟ್ಟುಗಳೇ ಹಳಸಿವೆ, ಅವನ್ನು ಕುಷ್ಟಗಿಯ ದನ ಕಾಯುವ ಹುಡುಗರೂ ಬಲ್ಲರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಇವರು ಅವರಿಗೆ ಹೇಳುವರು, ಬೀಜ ಜಳ್ಳಾದರೆ ಬೆಳೆ ಎಲ್ಲಿಂದ ಬಂದೀತು ಎಂದು ಅವರು ಇವರಿಗೆ. ಇಬ್ಬರಲ್ಲಿ ಒಬ್ಬನೂ ಹುಟ್ಟಿದಾಗಿನಿಂದ ಲಂಗೋಟ ಕಟ್ಟಿದವನಲ್ಲ. ಚಹಾದಂಗಡಿಯವನಂತೂ ಹಾಲಿನ ಪಾತ್ರೆ ಎತ್ತುವಾಗಲೂ ಸೊಂಟ ಹಿಡಿದುಕೊಳ್ಳುತ್ತಿದ್ದ. ಆದರೆ ಮಾತಿನಲ್ಲಿ ಅವರನ್ನು ಚಿತ್ ಮಾಡುವವರು ಸುತ್ತ ಹತ್ತು ಊರಲ್ಲಿ ಇರಲಿಲ್ಲ.

ಮದುವೆಗೆ ಮುಂಚೆ ನನ್ನ ಗಂಡ ಸೋತವರೇ ಅಲ್ಲ. ಅವರ ಹೆಸರು ನಮ್ಮ ಕುಕನೂರಿನ ಕಡೆಯ ಹಳ್ಳಿಗೂ ಬಂದಿತ್ತು. ನನ್ನ ಅತ್ತೆ ಹೊರಗಿನವಳಲ್ಲ, ನನ್ನ ತಂದೆಯ ಒಡಹುಟ್ಟಿದ ತಂಗಿ. ಅವಳ ಮೊಣಕಾಲು ಹಿಡಿದು ಒಲೆಯ ಮುಂದೆ ಕೂಡಲಾರದೆ ಹೋದಾಗ ಅಣ್ಣನ ಮಗಳನ್ನು ತಂದುಕೊಂಡಳು. ಮಾವನಿಗೆ ಮನಸ್ಸಿರಲಿಲ್ಲ. ಪೈಲ್ವಾನನಿಗೆ ಹೆಂಡತಿ ಬಂದರೆ ಕಸುವು ಇಳಿಯುತ್ತದೆ ಎನ್ನುವುದು ಗರಡಿಯವರೆಲ್ಲರ ನಂಬಿಕೆ. ಆದ್ದರಿಂದ ನಾನು ಅಕ್ಕಿಯ ಸೇರು ಒದ್ದು ಒಳಗೆ ಬಂದ ದಿನವೇ ಮಾವ ಅತ್ತೆಯನ್ನು ಕರೆದು, ನನಗೂ ಕೇಳುವಂತೆ ಹೇಳಿದರು.

"ಕೊಪ್ಪಳದ ಕಣದಾಗ ಬೆಳ್ಳಿ ಕಡಗ ಹಾಕ್ಕೊಂಡು ಬರೋತನಕ ಅಂವ ಪಡಸಾಲ್ಯಾಗ ನನ್ನ ಮಗ್ಗಲಕ ಮಲಗ್ತಾನ. ಈ ಮಾತು ಮನಿ ಹೊರಗ ಹೋಗಬಾರ್ದು."

ಅಷ್ಟೇ. ಪಡಸಾಲೆಯಲ್ಲಿ ತಂದೆ ಮಗ, ಒಳಗೆ ಅಡಿಗೆಮನೆಯ ಹತ್ತಿರ ಅತ್ತೆ ಮತ್ತು ನಾನು. ದೊಡ್ಡ ಬಾಗಿಲು ಹಾಕಿದರೆ ಒಳಗೆ ಯಾರು ಎಲ್ಲಿ ಮಲಗುತ್ತಾರೆ ಎಂದು ಊರಿಗೆ ಹೇಗೆ ಗೊತ್ತಾಗಬೇಕು? ನನಗೆ ಅದರಿಂದ ದುಃಖವಾಯಿತೆಂದು ಹೇಳಿದರೆ ಸುಳ್ಳು. ಹದಿನೇಳು ತುಂಬಿತ್ತು, ಹೆದರಿಕೆಯಿತ್ತು, ಹೀಗೇ ಇದ್ದರೆ ಒಳ್ಳೆಯದೆಂದೂ ಅನಿಸಿತ್ತು. ದಿನಾಲು ಬಾದಾಮಿ ಅರೆದು ಹಾಲಿಗೆ ಬೆರೆಸಿ ಹೊಸ್ತಿಲ ಮೇಲೆ ಇಡುತ್ತಿದ್ದೆ. ಅವರು ಎತ್ತಿಕೊಂಡು ಕುಡಿದು ಖಾಲಿ ಚರಿಗೆ ಅಲ್ಲೇ ಇಡುತ್ತಿದ್ದರು. ನಮ್ಮ ಸಂಸಾರ ಆ ಹೊಸ್ತಿಲಿನಷ್ಟು ಅಗಲ.

ಉಗಾದಿ ಮುಗಿದ ಮೇಲೆ ಕನಕಗಿರಿಯ ಕುಸ್ತಿಯಲ್ಲಿ ಅವರು ಮೊದಲ ಸಲ ಸೋತರು. ಅವರು ಬರುವುದಕ್ಕೂ ಮುಂಚೆ ಸುದ್ದಿ ಬಂತು. ಕಟ್ಟೆಯವರು ಮೊದಲ ದಿನ ಸಾವಿನ ಮನೆಯವರಂತೆ ಕುಳಿತರು, ಎರಡನೆಯ ದಿನ ವಾದ ಶುರುವಾಯಿತು. ಮನೆಯಲ್ಲಿ ಮಾತ್ರ ವಾದವೂ ಇಲ್ಲ, ಮಾತೂ ಇಲ್ಲ. ಮಾವ ಮಗನ ಮುಖ ನೋಡದೆ, ನಾಳೆಯಿಂದ ಇನ್ನೂ ನಸುಕಿನಲ್ಲಿ ಏಳಬೇಕೆಂದು ಹೇಳು ಎಂದು ನನಗೆ ಹೇಳುವರು. ಮಗ ಅಲ್ಲೇ ಎರಡು ಮೊಳ ದೂರದಲ್ಲಿ ಕುಳಿತು, ಎದ್ದೇ ಏಳುತ್ತೇನೆಂದು ಹೇಳು ಎಂದು ನನಗೆ ಹೇಳುವರು. ನಡುವೆ ನಾನು ರೊಟ್ಟಿ ಬಡಿಸುತ್ತ ನಿಂತಿರುತ್ತಿದ್ದೆ. ಕಟ್ಟೆಯ ವಾದ ಇಬ್ಬರ ಕಿವಿಗೂ ಬಿದ್ದಿತ್ತು. ತಪ್ಪು ಮಗನದಾದರೆ ತಂದೆಯ ಗರಡಿ ಉಳಿಯುತ್ತಿತ್ತು, ತಂದೆಯದಾದರೆ ಮಗನ ಹೆಸರು ಉಳಿಯುತ್ತಿತ್ತು. ಯಾರು ಮೊದಲು ಒಪ್ಪಿಕೊಳ್ಳುತ್ತಾರೆಂದು ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದರು.

ಪಂಚಮಿಗೆ ಕುಷ್ಟಗಿಯಲ್ಲಿ ಎರಡನೆಯ ಸೋಲು. ದಸರೆ ಕಳೆದು ಗಂಗಾವತಿಯಲ್ಲಿ ಮೂರನೆಯದು. ಗಂಗಾವತಿಗೆ ಗಾಡಿ ಕಟ್ಟಿಕೊಂಡು ಊರಿನ ಅರ್ಧ ಮಂದಿ ಹೋಗಿದ್ದರು, ಹಲಗೆ ಬಾರಿಸುವವರನ್ನೂ ಕರೆದುಕೊಂಡು. ಬರುವಾಗ ಹಲಗೆಗಳನ್ನು ಮೇವಿನ ಕೆಳಗೆ ಮುಚ್ಚಿ ತಂದರಂತೆ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ ಆಗಿತ್ತು ಊರಿಗೆ.

ಮರುದಿನ ಹೊತ್ತು ಇಳಿಯುವಾಗ ನಾನು ಮೊರ ಹಿಡಿದು ಗೋಡೆಯ ಈಚೆಗೆ ಕುಳಿತಿದ್ದೆ. ಕಟ್ಟೆಯಲ್ಲಿ ಎಂದಿನಂತೆ ಜಗಳ ಏರಿತು, ವಸ್ತಾದ, ಪೈಲ್ವಾನ, ಮತ್ತೆ ವಸ್ತಾದ. ಆಮೇಲೆ ಚಹಾದಂಗಡಿಯವನು ದನಿ ಇಳಿಸಿದ. ದನಿ ಇಳಿಸಿದರೆ ಗೋಡೆಗೆ ಕೇಳುವುದಿಲ್ಲ ಎಂದು ಅವನ ಎಣಿಕೆ.

"ಲಗ್ನ ಆದಮ್ಯಾಲ ಒಂದರ ಕುಸ್ತಿ ಗೆದ್ದಾನೇನ್ರಿ ಅಂವ?"

ಆಮೇಲೆ ಜವಾನನ ದನಿ ಬಂತು. "ಖರೇ ಐತಿ ನೋಡಪಾ. ಹೆಣ್ತಿ ಸೆರಗು ಹಿಡದಂವಗ ಕಣ ಎಲ್ಲಿ ಕಾಣಸ್ತೈತಿ?"

ಅಷ್ಟು ತಿಂಗಳಲ್ಲಿ ಆ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಎತ್ತು ಈದಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ. ಉಳಿದವರೂ ತಲೆಗೊಂದು ಸೇರಿಸಿದರು. ಸೊಸೆಯ ಕಾಲ್ಗುಣ ಸರಿಯಿಲ್ಲ ಎಂದ ಒಬ್ಬ. ಹುಡುಗನ ಕಣ್ಣು ಗುಳಿ ಬಿದ್ದಿವೆ, ನಿದ್ದೆಯಿಲ್ಲ ಎಂದ ಇನ್ನೊಬ್ಬ. ನಿದ್ದೆಯಿಲ್ಲದ್ದು ನಿಜ. ಮಾವ ಗೊರಕೆ ಹೊಡೆಯುತ್ತಿದ್ದರು, ಅತ್ತೆಗೂ ನನಗೂ ಒಳಗಿನವರೆಗೆ ಕೇಳುತ್ತಿತ್ತು. ನಾನು ಜೋಳದಲ್ಲಿ ಹರಳು ಆರಿಸುತ್ತಲೇ ಇದ್ದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕುಳಿತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಮನಸ್ಸಿಗೆ ಜೋಮು ಹಿಡಿದಿತ್ತು. ಸಿಟ್ಟು ಬರುತ್ತಿರುವುದು ಈಗ, ಬರೆಯುವಾಗ.

ಮಾತು ಕಟ್ಟೆಯಿಂದ ಬಾವಿಗೆ ಬರಲು ತಡವಾಗಲಿಲ್ಲ. ನಾನು ಕೊಡ ಹಿಡಿದು ಹೋದರೆ ಹೆಂಗಸರು ಹಗ್ಗ ಬಿಟ್ಟು ಸರಿದು ದಾರಿ ಕೊಡುತ್ತಿದ್ದರು. ಅಷ್ಟೊಂದು ಮರ್ಯಾದೆ ನನಗೆ ಅದಕ್ಕೂ ಮುಂಚೆ ಯಾರೂ ಕೊಟ್ಟಿರಲಿಲ್ಲ. ಒಬ್ಬಳು ಮುದುಕಿ ನನ್ನ ಕೆನ್ನೆ ಸವರಿ, ಗಂಡನನ್ನು ಒಂದಿಷ್ಟು ದಿನ ದೂರ ಇಡು ತಂಗಿ, ಊರಿನ ಮಾನದ ಪ್ರಶ್ನೆ ಎಂದಳು. ನಾನು ಹೂಂ ಅಂದೆ. ಇನ್ನೇನು ಅನ್ನಲಿ? ಇನ್ನೂ ಎಷ್ಟು ದೂರ ಇಡಬೇಕೆಂದು ಕೇಳಬಹುದಿತ್ತು. ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡೆ.

ವಾರದೊಳಗೆ ಹಿರಿಯರು ನಮ್ಮ ಪಡಸಾಲೆಗೆ ಬಂದರು, ಜೊತೆಗೆ ಚಹಾದಂಗಡಿಯವನೂ ಜವಾನನೂ. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ, ಅತ್ತೆ ನನ್ನ ಹಿಂದೆ. ಸುತ್ತಿ ಬಳಸಿ ಅವರು ಹೇಳಿದ್ದು ಇಷ್ಟು: ಕೊಪ್ಪಳದ ಕುಸ್ತಿ ಹತ್ತಿರ ಬಂತು, ಅಲ್ಲಿಯತನಕ ಸೊಸೆಯನ್ನು ತವರಿಗೆ ಕಳಿಸಿರಿ. ಗೆದ್ದರೆ ಕರೆದುಕೊಂಡು ಬಂದರಾಯಿತು. ಸೋತರೆ ಏನು ಮಾಡಬೇಕೆಂದು ಅವರು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಅವರು ಕುಳಿತದ್ದು ಮಾವ ಮತ್ತು ನನ್ನ ಗಂಡ ದಿನಾಲು ಮಲಗುವ ಕಂಬಳಿಗಳ ಮೇಲೆ. ಒಂದು ಮಾತು ಸಾಕಿತ್ತು. ಇವನು ಮದುವೆಯಾದಾಗಿನಿಂದ ನನ್ನ ಮಗ್ಗುಲಲ್ಲೇ ಮಲಗಿದ್ದಾನೆ ಎಂದು ಮಾವ ಅಂದಿದ್ದರೆ ನನ್ನ ಮೇಲಿನ ತಪ್ಪು ಅಲ್ಲೇ ಇಳಿಯುತ್ತಿತ್ತು. ಆದರೆ ಇಳಿದ ತಪ್ಪು ಎಲ್ಲಿಗಾದರೂ ಹೋಗಲೇಬೇಕಲ್ಲ. ಒಂದೋ ಅವರ ಮೇಲೆ, ಇಲ್ಲವೋ ಮಗನ ಮೇಲೆ. ನಾನು ಆ ಮಾತಿಗಾಗಿ ಕಾಯ್ದೆ.

"ಆತ್ರಿ," ಎಂದರು ಮಾವ. "ಹಿರ್ಯಾರು ಹೆಂಗ ಅಂತೀರಿ ಹಂಗ."

ನನ್ನ ಗಂಡ ನೆಲ ನೋಡುತ್ತ ಕಂಬಳಿಯ ಎಳೆ ಕೀಳುತ್ತಿದ್ದರು. ಅಷ್ಟು ದೊಡ್ಡ ಆಳು, ಒಂದೊಂದೇ ಎಳೆ ಕೀಳುತ್ತಿದ್ದರು. ತಂದೆ ಮಗ ಆ ದಿನ ಎಷ್ಟೋ ತಿಂಗಳ ಮೇಲೆ ಎದುರುಬದುರು ಕುಳಿತು ಉಂಡರು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಮಾವ ನೇರ ಮಗನಿಗೇ ಹೇಳಿದರು. ಮಗ ಹೌದೆಂದರು.

ಅತ್ತೆ ಬುತ್ತಿ ಕಟ್ಟುವಾಗ ನಾನು ಸುಮ್ಮನೆ ಅವಳ ಮುಖ ನೋಡಿದೆ. ಅವಳಿಗೆ ಗೊತ್ತಾಯಿತು.

"ಗಂಡಸ್ರ ಮಾನ ಹೋದ್ರ ಮನಿ ಮಾನ ಹೋಗ್ತೈತವ್ವಾ," ಎಂದಳು. "ನೀ ಒಂದೀಟು ತಡ್ಕೋ."

ನನ್ನ ಸ್ವಂತ ಸೋದರತ್ತೆ. ನಾನು ಚಿಕ್ಕವಳಿದ್ದಾಗ ಜ್ವರ ಬಂದರೆ ತೊಡೆಯ ಮೇಲೆ ಹಾಕಿಕೊಂಡು ಕೂಡುತ್ತಿದ್ದವಳು. ಬುತ್ತಿಯ ಗಂಟು ಬಿಚ್ಚದಂತೆ ಎರಡು ಸಲ ಬಿಗಿದಳು.

ತವರಿನಲ್ಲಿ ತಂದೆ ಏನನ್ನೂ ಕೇಳಲಿಲ್ಲ. ಸುದ್ದಿ ಅವನಿಗೂ ಮುಟ್ಟಿತ್ತು, ತಂಗಿಯ ಮನೆಯ ಮಾತು, ಕೇಳುವುದು ಹೇಗೆ? ತಾಯಿ ಮಾತ್ರ ಒಂದು ದಿನ ತಲೆ ಬಾಚುತ್ತ, ಅವರು ಹೇಳುವುದು ಖರೆಯೇನು ಎಂದಳು. ಇಲ್ಲ ಎಂದೆ. ನಡೆದದ್ದನ್ನೂ ಹೇಳಿದೆ. ಅವಳ ಕೈಯಲ್ಲಿದ್ದ ಹಣಿಗೆ ನಿಂತಿತು. ಆಮೇಲೆ, ಇದನ್ನು ಯಾರ ಮುಂದೆಯೂ ಆಡಬೇಡ, ಗಂಡನಿಗೆ ಕೆಟ್ಟ ಹೆಸರು ಬಂದೀತು ಎಂದು ಮತ್ತೆ ಬಾಚತೊಡಗಿದಳು. ಕಡಲೆ ಹೊಲಕ್ಕೆ ಹೋಗುತ್ತಿದ್ದೆ, ಕಡಲೆಸೊಪ್ಪು ಚಿವುಟುತ್ತಿದ್ದೆ, ಉಣ್ಣುತ್ತಿದ್ದೆ. ಅವರು ಗೆಲ್ಲಲಿ ಎಂದು ದೇವರಿಗೆ ಕೈಮುಗಿಯಲು ಹೋದರೆ, ಗೆದ್ದರೆ ತಪ್ಪು ನನ್ನದೇ ಎಂದು ಗಟ್ಟಿಯಾಗುತ್ತದೆ ಎಂಬುದು ನೆನಪಾಗುತ್ತಿತ್ತು. ಸೋಲಲಿ ಎಂದು ಬೇಡಿಕೊಂಡರೆ ನಾನು ಇಲ್ಲೇ. ಕೈಮುಗಿದು ಏನೂ ಬೇಡದೆ ಎದ್ದು ಬರುತ್ತಿದ್ದೆ.

ಕೊಪ್ಪಳದಲ್ಲಿ ಅವರು ಸೋತರು. ಬರೀ ಸೋಲಲ್ಲ, ಎಡಭುಜ ಜಾರಿತ್ತು. ಹೇಳಿ ಕಳಿಸಿದರೂ ಆಗುತ್ತಿತ್ತು, ಮಾವನೇ ಗಾಡಿ ಕಟ್ಟಿಕೊಂಡು ನನ್ನನ್ನು ಕರೆಯಲು ಬಂದರು. ದಾರಿಯುದ್ದಕ್ಕೂ ಎತ್ತುಗಳ ಜೊತೆಗೆ ಮಾತಾಡಿದರು. ಯಲಬುರ್ಗಾ ಕಣ್ಣಿಗೆ ಬಿದ್ದ ಮೇಲೆ, ಮಗನ ಭುಜಕ್ಕೆ ಶಾಖ ಕೊಡಬೇಕು, ಅತ್ತೆಗೆ ಕೂಡಲಾಗುವುದಿಲ್ಲ ಎಂದರು. ಹಾಗಾದರೆ ನನ್ನನ್ನು ಕರೆದದ್ದು ಅದಕ್ಕೆ. ಸರಿ ಎಂದೆ.

ಕಟ್ಟೆಯಲ್ಲಿ ಹಳೆಯ ವಾದವೇ ಮತ್ತೆ ನಡೆದಿತ್ತು. ಹೆಂಡತಿಯನ್ನು ತವರಿಗೆ ಕಳಿಸಿದ್ದರಿಂದ ಹುಡುಗನ ಮನಸ್ಸು ಕಣದಲ್ಲಿರಲಿಲ್ಲ, ಕಳಿಸಿದ ವಸ್ತಾದನದೇ ತಪ್ಪು ಎಂದು ಜವಾನ. ಹೆಂಡತಿ ಇಲ್ಲದೆ ನಾಲ್ಕು ದಿನ ಇರಲಾರದವನು ಎಂಥ ಪೈಲ್ವಾನ ಎಂದು ಚಹಾದಂಗಡಿಯವನು. ಕಳಿಸಿರಿ ಎಂದವರು ತಾವೇ ಎಂಬುದು ಇಬ್ಬರಿಗೂ ಮರೆತಿತ್ತು. ಬಾವಿಯಲ್ಲಿ ಹೆಂಗಸರು ಮೊದಲಿನಂತೆ ಹಗ್ಗಕ್ಕೆ ಜಗಳಾಡಿದರು. ನನ್ನ ಮೇಲೆ ತಪ್ಪು ಹೊರಿಸಿದಾಗ ಊರೆಲ್ಲ ಬಂದಿತ್ತು. ಇಳಿಸಿದಾಗ ಒಬ್ಬರೂ ಬಂದು ಹೇಳಲಿಲ್ಲ.

ಮಧ್ಯಾಹ್ನ ಪಡಸಾಲೆಯಲ್ಲಿ ನನ್ನ ಗಂಡ ಗೋಡೆಗೆ ಒರಗಿ ಕುಳಿತಿದ್ದರು. ನಾನು ಉಪ್ಪು ಹುರಿದು ಅರಿವೆಯಲ್ಲಿ ಗಂಟು ಕಟ್ಟಿ ತಂದು ಭುಜಕ್ಕೆ ಒತ್ತತೊಡಗಿದೆ. ಮಾವ ಹೊಲಕ್ಕೆ ಹೋಗಿದ್ದರು. ಬಹಳ ಹೊತ್ತಿನ ಮೇಲೆ ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು.

"ನೀ ಖರೇ ಹೇಳು. ತಪ್ಪು ಅಪ್ಪಂದೋ, ನಂದೋ?"

ತವರಿಗೆ ಕಳಿಸಿದ ದಿನದ ಬಗ್ಗೆ, ಆ ಕಂಬಳಿಯ ಎಳೆಯ ಬಗ್ಗೆ ಏನಾದರೂ ಅಂದಾರು ಎಂದು, ಶಾಖದ ಗಂಟು ಹಿಡಿದು ಕುಳಿತಾಗಿನಿಂದ ಕಾಯುತ್ತಿದ್ದೆ. ಇವರ ಮನಸ್ಸೂ ಕಟ್ಟೆಯ ಮೇಲೆ, ಅದೇ ವಾದದಲ್ಲೇ ಇತ್ತು.

"ನಂದಂತ ಆಗಿತ್ತಲ್ರಿ," ಎಂದೆ. "ಆವತ್ತ ನೀವೂ ಇಲ್ಲೇ ಕುಂತಿದ್ರಿ."

ಅವರು ಮುಖ ಎತ್ತಲಿಲ್ಲ. ಭುಜ ಒಮ್ಮೆ ಬಿಗಿಯಾಗಿ, ಆಮೇಲೆ ಸಡಿಲಾಯಿತು. ಗಂಟು ಆರಿಹೋಗಿತ್ತು, ಆದರೂ ಒತ್ತುತ್ತಲೇ ಕುಳಿತೆ. ಮದುವೆಯ ದಿನ ಕೈ ಹಿಡಿದದ್ದನ್ನು ಬಿಟ್ಟರೆ ನಾನು ಅವರನ್ನು ಮುಟ್ಟಿದ್ದು ಅದೇ ಮೊದಲು.