ತಣ್ಣನೆಯ ತಗಡು, ಕೆಂಪು ದಾರ

ಬೆಳಗಿನ ಆರು ಗಂಟೆ. ತುಮಕೂರಿನ ಚಿಕ್ಕದೊಂದು ಕಿವಿ, ಮೂಗು, ಗಂಟಲಿನ ಆಸ್ಪತ್ರೆಯಲ್ಲಿ ಆಯಾ ರಂಗಲಕ್ಷ್ಮಮ್ಮನವರು ಕುದಿಸಿ ತೆಗೆದ ಉಕ್ಕಿನ ತಗಡುಗಳನ್ನು ಮಡಕೆಯ ನೀರಿಗೆ ಇಳಿಬಿಡುತ್ತಿದ್ದಾರೆ. ತಣ್ಣಗಾದ ತಗಡನ್ನು ಒರೆಸಿ ರೋಗಿಯ ಮೂಗಿನ ಕೆಳಗೆ ಅಡ್ಡ ಹಿಡಿದರೆ ಉಸಿರು ತಾಕಿ ಎರಡು ಮಂಜಿನ ಮಚ್ಚೆಗಳು ಮೂಡುತ್ತವೆ. ಮಚ್ಚೆ ಹಿರಿದಾದ ಕಡೆ ಗಾಳಿ ಸಲೀಸು, ಕಿರಿದಾದ ಕಡೆ ಅಡ್ಡಿ. ಮಂಜು ಆರುವ ಮೊದಲೇ ಅದರ ಅಳತೆಯನ್ನು ಸ್ಲೇಟಿನ ಮೇಲೆ ಬರೆದು ವೈದ್ಯರ ಮುಂದಿಡುವುದು ಹದಿನಾಲ್ಕು ವರ್ಷಗಳಿಂದ ಇವರ ಕಾಯಕ. ದಿನಕ್ಕೆ ನಲವತ್ತು ಮೂಗುಗಳಿಗೆ ಕಡಿಮೆಯಿಲ್ಲ.

ಇಂದು ಹತ್ತು ಗಂಟೆಗೆ ಸಿ.ಎಸ್. ಪುರದ ಅಂಜನಪ್ಪನಿಗೆ ಶಸ್ತ್ರಚಿಕಿತ್ಸೆ. ತೆಂಗಿನ ಮರ ಹತ್ತಿ ಕಾಯಿ ಕೆಡಹುವ ಕಸುಬಿನವನು. ಅರ್ಧ ಮರಕ್ಕೇ ಉಸಿರು ಕಟ್ಟುತ್ತದೆ. ಮೂಗಿನ ನಡುಗೋಡೆ ಎಡಕ್ಕೆ ಬಾಗಿದೆಯೆಂದು ಎಕ್ಸ್‌ರೇ ಹೇಳಿದೆ. ಎಡಹೊಳ್ಳೆಯೇ ಕಟ್ಟಿದೆಯೆಂದು ಚೀಟಿಯಲ್ಲಿ ಬರೆದಿದೆ.

"ಕಟ್ಟಿರೋ ಕಡೆ ಕೈ ಇಡಪ್ಪ" ಎನ್ನುತ್ತಾರೆ ರಂಗಲಕ್ಷ್ಮಮ್ಮ, ಒಂಬತ್ತೂವರೆಗೆ ಅವನೆದುರು ಕೂತು.

ಅಂಜನಪ್ಪ ಬಲಹೊಳ್ಳೆಯನ್ನು ಮುಟ್ಟುತ್ತಾನೆ. ಮುಟ್ಟಿದ ಕಡೆಯ ಗುರುತಿಗೆ ಅವನ ಬಲಗೈ ಮಣಿಕಟ್ಟಿಗೆ ಕೆಂಪು ದಾರ ಬೀಳುತ್ತದೆ.

ಈ ದಾರದ ಹಿಂದೆ ಒಂದು ತಪ್ಪಿದೆ. ಕುಣಿಗಲ್ಲಿನಲ್ಲಿ ಗಂಡನನ್ನು ಕಳೆದುಕೊಂಡು, ಮೂರನೆಯ ತರಗತಿಯ ಓದನ್ನಷ್ಟೇ ನಂಬಿ, ೧೯೭೦ರಲ್ಲಿ ತುಮಕೂರಿನ ಮರಳೂರಿಗೆ ಬಂದು ನೆಲೆಸಿದ ಇವರು ಆಸ್ಪತ್ರೆ ಸೇರಿದ ಮೊದಲ ವರ್ಷವೇ ಒಬ್ಬ ರೋಗಿಯ ಮಚ್ಚೆಗಳನ್ನು ಅದಲುಬದಲಾಗಿ ಬರೆದಿದ್ದರು. ಕತ್ತರಿ ಹಿಡಿಯುವ ಮುನ್ನ ವೈದ್ಯರು ಮತ್ತೊಮ್ಮೆ ನೋಡಿದ್ದರಿಂದ ಅನಾಹುತ ತಪ್ಪಿತು.

"ಎದುರಾಬದ್ರು ಕೂತಾಗ ನನ್ ಬಲ ಅವ್ರಿಗೆ ಎಡ ಅನ್ನೋದೇ ಹೊಳೀಲಿಲ್ಲ ಸ್ವಾಮಿ. ಡಾಕ್ಟ್ರು ಬೈಲಿಲ್ಲ. ಬೈದಿದ್ರೆ ಮರ್ತೋಗ್ತಿತ್ತೇನೋ. ಅವತ್ತಿಂದ ಎಡ ಬಲ ಅಂತ ಬಾಯಲ್ಲಿ ಕೇಳಾಕಿಲ್ಲ. ದಾರ ಕಟ್ಬುಡ್ತೀನಿ."

ಅಂಜನಪ್ಪನ ಮೂಗಿಗೆ ತಗಡು ಹಿಡಿದಾಗ ದಾರದ ಮಾತೇ ನಿಜವಾಗುತ್ತದೆ. ಬಾಗಿದ ಎಡಗಡೆ ಸಾಧಾರಣವಾದ ಮಚ್ಚೆ, ಬಲಗಡೆ ಹುಣಸೆಬೀಜದಷ್ಟೇ.

"ನಶ್ಯ ಏರ್ಸೋದೂ ಆ ಕಡೆಗೇ ಕಣಕ್ಕ" ಎಂದು ಹೆಂಡತಿ ಕದರಮ್ಮ ಬಾಯಿ ಹಾಕುತ್ತಾಳೆ. "ಎಡಗಡೆ ಇಕ್ಕಟ್ಟಂತೆ, ಸರಿಯಾಗಿ ಏರಾಕಿಲ್ವಂತೆ. ಬಲಗಡೆಗೆ ದಿನಕ್ಕೊಂದು ಡಬ್ಬಿ!"

"ಒಂದಲ್ಲ ಕಣೇ, ಅರ್ಧ."

"ಅರ್ಧ ಮೂಗ್ಗೆ, ಅರ್ಧ ಅಂಗಿಗೆ!"

ರಂಗಲಕ್ಷ್ಮಮ್ಮ ನಗುವುದಿಲ್ಲ. ಸ್ಲೇಟು ಹಿಡಿದು ನೇರವಾಗಿ ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಡಾ. ಸುಬ್ಬಕೃಷ್ಣ ಕೈ ತೊಳೆಯುತ್ತಿದ್ದಾರೆ.

"ಟೈಮಾಯ್ತಲ್ಲಮ್ಮ?"

"ಒಂದ್ಸಲ ದಾರ ನೋಡ್ಬುಡಿ ಸಾರ್. ಚೀಟಿಗೂ ದಾರಕ್ಕೂ ತಾಳೆ ಆಗ್ತಿಲ್ಲ. ಎಕ್ಸ್‌ರೇ ನೋಡಿ ಬರ್ದವ್ರೆ, ಆವಪ್ಪನ್ನ ಕೇಳಿದಂಗಿಲ್ಲ."

ವೈದ್ಯರು ಅಂಜನಪ್ಪನ ಬಳಿಗೆ ಬಂದು, ಬಲಹೊಳ್ಳೆಗೆ ಎರಡು ಹನಿ ಔಷಧ ಬಿಡುತ್ತಾರೆ. ಕಾಲು ಗಂಟೆ ಕಾಯುತ್ತಾರೆ. ಕದರಮ್ಮನ ಕೈಯಲ್ಲಿ ಸೆರಗಿನ ತುದಿ ಹಗ್ಗದಂತೆ ಹೊಸೆದುಹೋಗಿದೆ. ಮತ್ತೊಂದು ತಗಡು ಹಿಡಿದಾಗ ಬಲದ ಮಚ್ಚೆ ನೆಲ್ಲಿಕಾಯಿಯ ಅಗಲಕ್ಕೆ ಅರಳುತ್ತದೆ.

"ಗೋಡೆ ಒಂದು ಕಡೆ ಬಾಗಿದ್ರೆ ಇನ್ನೊಂದು ಕಡೆ ಜಾಗ ಹೆಚ್ಚುತ್ತೆ. ಅಲ್ಲಿನ ಮಾಂಸ ಊದ್ಕೊಂಡು ಆ ಜಾಗ ತುಂಬುತ್ತೆ. ಅದಕ್ಕೆ ನೀನು ನಶ್ಯ ಬೇರೆ ಸುರಿದಿದ್ದೀಯ" ಎಂದು ವೈದ್ಯರು ವಿವರಿಸುತ್ತಾರೆ. "ಹನಿಗೆ ಊತ ಇಳೀತು. ಈಗ ಕೊಯ್ಯೋದು ಬೇಡ. ಔಷಧಿ ಕೊಡ್ತೀನಿ, ಆರು ವಾರ ನಶ್ಯ ಬಿಟ್ಟು ಬಾ, ನೋಡೋಣ."

ನಶ್ಯದ ಡಬ್ಬಿ ಆಗಲೇ ಕದರಮ್ಮನ ಸೆರಗಿನ ಗಂಟಿನೊಳಗೆ ಸೇರಿದೆ. ಅಂಜನಪ್ಪ ದಾರ ಬಿಚ್ಚಲು ಕೈ ಚಾಚುತ್ತಾನೆ. ಮತ್ತೆ ಏನನ್ನಿಸಿತೋ, ಹಾಗೆಯೇ ಎದ್ದು ಹೊರಡುತ್ತಾನೆ.

ಸ್ವತಃ ರಂಗಲಕ್ಷ್ಮಮ್ಮನವರ ನಡುಗೋಡೆಯೂ ನೆಟ್ಟಗಿಲ್ಲ. "ಡಾಕ್ಟ್ರೇ ಒಂದ್ಸಲ ನೋಡಿ ಹೇಳಿದ್ರು, ಸೊಟ್ಟಗೈತೆ ಅಂತ. ತಗಡು ಹಿಡಿದ್ರೆ ಎರಡೂ ಕಡೆ ಒಂದೇ ಸಮ. ಮೂಳೆ ಹೆಂಗಾರ ಇರ್ಲಿ ಬುಡಿ, ಉಸ್ರು ದಾರಿ ಮಾಡ್ಕಂಡೈತೆ."

ಬರುವ ಯುಗಾದಿಯ ಹೊತ್ತಿಗೆ ಅವರ ಸೇವೆ ಮುಗಿಯುತ್ತದೆ. ಆಸೆ ಏನಾದರೂ ಉಂಟೇ ಎಂದು ಕೇಳಿದರೆ, ತಗಡನ್ನು ಒರೆಸುತ್ತಲೇ ಹೇಳುತ್ತಾರೆ:

"ನನ್ ಜಾಗಕ್ಕೆ ಓದಿರೋರೇ ಬರ್ಲಿ. ಆದ್ರೆ ಚೀಟಿ ಓದೋಕ್ ಮುಂಚೆ, ಕೈ ಎಲ್ಲಿ ಇಡ್ತೀಯಪ್ಪ ಅಂತ ಒಂದ್ ಮಾತು ಕೇಳ್ಲಿ."