ಅಪ್ಪ ಒತ್ತಿದ ಗುಂಡಿ

ನಮ್ಮ ಊರ ಕಡೆಯವರು ವಿಲೆ ಪಾರ್ಲೆಯಿಂದ ದಹಿಸರ್‌ವರೆಗೆ ಎಲ್ಲಿ ಹೊಸ ಹೋಟೆಲ್ ತೆರೆದರೂ ಮೊದಲ ಒಲೆ ಹೊತ್ತಿಸಲು ನನ್ನ ಅಪ್ಪನನ್ನು ಕರೆಯುತ್ತಿದ್ದರು. ಅಪ್ಪ ಪಾರ್ಲೆ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ಹೋಟೆಲ್ ಅವರದಲ್ಲ, ಅವರ ಹೆಸರು ಯಾವ ಬೋರ್ಡಿನ ಮೇಲೂ ಇರಲಿಲ್ಲ. ಆದರೆ ಅವರ ಕೈಗುಣ ಒಳ್ಳೆಯದು ಎಂಬ ಮಾತಿತ್ತು. ಅವರು ಅಕ್ಷತೆ ಹಾಕಿ, ಒಲೆ ಹಚ್ಚಿ, ಹಾಲು ಉಕ್ಕಿಸಿ ಬಂದರೆ ಆ ಹೋಟೆಲು ನಿಲ್ಲುತ್ತದೆ ಎಂದು ಜನ ನಂಬಿದ್ದರು. ಅಷ್ಟು ಮಾಡಿ, ಒಂದು ಲೋಟ ಕಾಫಿ ಕುಡಿದು, ಅಪ್ಪ ಲೋಕಲ್ ರೈಲು ಹಿಡಿದು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ನಾನು ಇದನ್ನು ನಂಬುತ್ತಿರಲಿಲ್ಲ. ನಂಬುವುದಿಲ್ಲ ಎಂದು ಹೇಳಿಯೂ ಇರಲಿಲ್ಲ. ನಮ್ಮ ಮನೆಯಲ್ಲಿ ನಾನು ಹೇಳದೆ ಉಳಿಸಿಕೊಂಡ ಮಾತುಗಳೇ ಹೆಚ್ಚು.

ಕಾಂದಿವಲಿಯ ಒಂದು ಕಚೇರಿಯಲ್ಲಿ ನಾನು ಕಟ್ಟಡಗಳ ನಕ್ಷೆ ಮಾಡುತ್ತೇನೆ. ಮನೆಯ ಹಳೆಯ ಲ್ಯಾಪ್‌ಟಾಪ್ ದೊಡ್ಡ ನಕ್ಷೆ ತೆರೆದರೆ ನಿಂತೇ ಹೋಗುತ್ತಿತ್ತು. ಹಾಗಾಗಿ ಬಿಡಿಭಾಗಗಳನ್ನು ತಂದು ಡೆಸ್ಕ್‌ಟಾಪೊಂದನ್ನು ನಾನೇ ಜೋಡಿಸುವುದೆಂದುಕೊಂಡೆ. ಅವು ಮನೆಗೆ ಬಂದ ವಾರವೇ ಅಪ್ಪನ ಹೃದಯದ ಆಪರೇಷನ್ನಿಗೂ ದಿನ ಗೊತ್ತಾಯಿತು. ಇನ್ನು ಹತ್ತು ದಿನವಿತ್ತು.

ಭಾನುವಾರ ಬೆಳಿಗ್ಗೆ ದಹಿಸರಿನ ನಮ್ಮ ಮನೆಯಲ್ಲಿ ಊಟದ ಟೇಬಲ್ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಸಾಲಾಗಿ ಇಟ್ಟೆ. ಮದರ್‌ಬೋರ್ಡನ್ನು ಡಬ್ಬಿಯಿಂದ ತೆಗೆಯುವಷ್ಟರಲ್ಲಿ ಅಪ್ಪ ಸ್ನಾನ ಮುಗಿಸಿ ಅಕ್ಷತೆ, ಕುಂಕುಮದ ಹರಿವಾಣ ಹಿಡಿದು ಬಂದು ನಿಂತರು.

“ಜೋಡಿಸಿ ಆದ ಮೇಲೆ ಪೂಜೆ ಮಾಡುವ, ಅಪ್ಪ.”

“ಒಲೆ ಹೊತ್ತಿದ ಮೇಲೆ ಯಾರಾದ್ರೂ ಪೂಜೆ ಮಾಡ್ತಾರಾ? ಮೊದಲೇ ಆಗ್ಬೇಕು. ಎಂತ, ನಿನ್ನ ಕಾಲೇಜಲ್ಲಿ ಇಷ್ಟೂ ಹೇಳಿಕೊಡ್ಲಿಲ್ವಾ?”

“ಕುಂಕುಮ ಬೇಡ. ನೀರೂ ತಾಗಬಾರದು ಅದಕ್ಕೆ.”

“ಆಯ್ತು ಮಾರಾಯ್ತಿ. ಇದಕ್ಕೆ ನಿನ್ನ ಅಮ್ಮನಷ್ಟೇ ಮಡಿ ಉಂಟು.”

ಒಳಗಿನಿಂದ ಅಮ್ಮ, “ಕೇಳ್ತದೆ ನಂಗೆ,” ಎಂದಳು.

ನಾಲ್ಕೇ ಕಾಳು ಅಕ್ಷತೆ ಎಂದು ಒಪ್ಪಂದವಾಯಿತು. ಆದರೆ ಆ ದಿನಗಳಲ್ಲಿ ಅಪ್ಪನ ಕೈ ನಡುಗುತ್ತಿತ್ತು. ಅರಸಿನದ ಅಕ್ಕಿ ಬೋರ್ಡಿನ ತುಂಬ ಬಿತ್ತು. ಅವರು ಹರಿವಾಣ ಇಡಲು ಹೋದಾಗ ಒಂದೊಂದೇ ಕಾಳನ್ನು ಚಿಮುಟದಿಂದ ಆರಿಸಿ ತೆಗೆದೆ. ಎಲ್ಲ ಜೋಡಿಸಿ ಆದಾಗ ಮಧ್ಯಾಹ್ನವಾಗಿತ್ತು. ಪವರ್ ಗುಂಡಿಯನ್ನು ಅಪ್ಪನ ಕೈಯಿಂದಲೇ ಒತ್ತಿಸಿದೆ.

ಫ್ಯಾನುಗಳು ತಿರುಗಿದವು. ಪರದೆ ಕಪ್ಪಾಗಿಯೇ ಇತ್ತು. ಬೋರ್ಡಿನ ಮೂಲೆಯಲ್ಲಿ ಒಂದು ಹಳದಿ ದೀಪ ಮಾತ್ರ ಉರಿಯುತ್ತಿತ್ತು, ಮೆಮೊರಿ ಸಿಗುತ್ತಿಲ್ಲ ಎಂಬುದರ ಗುರುತು. ಅಪ್ಪ ಆರಿಸಿ ಇನ್ನೊಮ್ಮೆ ಒತ್ತಿದರು. ಹಾಗೆಯೇ ಇತ್ತು.

“ಹೊಸದರಲ್ಲಿ ಹೀಗೆ ಆಗ್ತದೆ. ಸರಿ ಮಾಡ್ತೇನೆ,” ಎಂದೆ.

ಅಪ್ಪ ತಮ್ಮ ಅಂಗೈ ನೋಡಿಕೊಂಡರು. “ಇಷ್ಟು ವರ್ಷದಲ್ಲಿ ನಾನು ಹಚ್ಚಿದ್ದು ಹೊತ್ತದೆ ಇದ್ದದ್ದಿಲ್ಲ,” ಎಂದರು.

ಎರಡು ದಿನ ಬಿಟ್ಟು ಅವರಿಗೆ ಫೋನ್ ಬಂತು. ಕಾಂದಿವಲಿಯಲ್ಲಿ ಯಾರೋ ಹೋಟೆಲ್ ತೆರೆಯುತ್ತಿದ್ದರು. ಅಪ್ಪ ಗುಣವಾಗಿ ಬರುವವರೆಗೆ ಕಾಯುತ್ತೇವೆ ಎಂದರಂತೆ. “ಕಾಯುವುದು ಬೇಡ,” ಎಂದರು ಅಪ್ಪ. “ಬೇರೆಯವರನ್ನು ಕರೀರಿ. ನನ್ನ ಕೈ ಈಗ ಸರಿ ಇಲ್ಲ.” ಫೋನ್ ಮಾಡಿದವರು ಅದನ್ನು ಕಾಯಿಲೆಯ ಮಾತೆಂದು ತಿಳಿದಿರಬೇಕು. ಅದು ಆ ಗುಂಡಿಯ ಮಾತೆಂದು ನನಗೆ ಗೊತ್ತಿತ್ತು.

ಅಂದಿನಿಂದ ನನಗೆ ಆ ಯಂತ್ರ ನಕ್ಷೆಗೆ ಬೇಕಾಗಿರಲಿಲ್ಲ. ಅಪ್ಪ ಆಪರೇಷನ್ನಿಗೆ ಹೋಗುವ ಮೊದಲು ಅದು ಶುರುವಾಗಬೇಕಿತ್ತು, ಅಷ್ಟೇ. ಕಚೇರಿಯಿಂದ ಬಂದವಳೇ ಕೂರುತ್ತಿದ್ದೆ. ಕೇಬಲ್ ಬದಲಿಸಿದೆ. ಬೋರ್ಡಿನ ಪುಟ್ಟ ಬ್ಯಾಟರಿ ತೆಗೆದು ಹಾಕಿದೆ. ಮೆಮೊರಿ ಪಟ್ಟಿಗಳು ಎರಡಿದ್ದವು, ಬೋರ್ಡಿನ ಮೇಲೆ ಅವನ್ನು ಕೂರಿಸುವ ಸೀಳುಗಳೂ, ಅಂದರೆ ಸ್ಲಾಟುಗಳೂ, ಎರಡು. ಒಂದೇ ಪಟ್ಟಿ ಹಾಕುವುದಾದರೆ ಎರಡನೆಯ ಸ್ಲಾಟಿಗೇ ಹಾಕಬೇಕು ಎಂದು ಜೊತೆಗೆ ಬಂದ ಪುಸ್ತಕದಲ್ಲಿತ್ತು. ನಾನು ಎರಡನ್ನೂ ಸರದಿಯಂತೆ ಅದೇ ಸ್ಲಾಟಿಗೆ ಹಾಕಿ ನೋಡಿದೆ. ಮೊದಲನೆಯ ಸ್ಲಾಟನ್ನು ಮುಟ್ಟಲಿಲ್ಲ. ಪುಸ್ತಕದಲ್ಲಿ ಹೇಳಿದ್ದನ್ನು ಮೀರುವ ಅಭ್ಯಾಸ ನನಗಿಲ್ಲ. ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಗೆ ಪಟ್ಟಿಗಳನ್ನು ಒಯ್ದಾಗ ಅಲ್ಲಿಯವನು ತನ್ನ ಯಂತ್ರಕ್ಕೆ ಹಾಕಿ ತೋರಿಸಿ, “ದೋನೋ ಏಕ್‌ದಮ್ ಓಕೆ ಮೇಡಂ, ಬೋರ್ಡ್ ಲೇಕೆ ಆವೋ,” ಎಂದ. ಪಟ್ಟಿ ಎರಡೂ ಸರಿಯಿವೆ, ಬೋರ್ಡನ್ನೇ ತರಬೇಕು ಎಂದಾಯಿತು. ಬೋರ್ಡ್ ಒಯ್ಯಲು ದಿನ ಉಳಿಯಲಿಲ್ಲ.

ಅಪ್ಪ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಪ್ರತಿ ಸಲ ಫ್ಯಾನ್ ತಿರುಗಿದಾಗಲೂ ಕುರ್ಚಿ ಸ್ವಲ್ಪ ಮುಂದೆ ಬರುವ ಸದ್ದು ಕೇಳುತ್ತಿತ್ತು.

ಆಪರೇಷನ್ನಿನ ಬೆಳಿಗ್ಗೆ ಸ್ಟ್ರೆಚರ್ ಆಪರೇಷನ್ ಥಿಯೇಟರಿನ ಬಾಗಿಲ ಬಳಿ ಒಂದು ನಿಮಿಷ ನಿಂತಿತು. ಅಪ್ಪ ನನ್ನ ಕಡೆ ತಿರುಗಿದರು.

“ಶುರು ಆಯ್ತಾ ಅದು?”

“ಇಲ್ಲ ಅಪ್ಪ. ಇನ್ನೂ ಇಲ್ಲ.”

“ಇರಲಿ,” ಎಂದರು. ಹೊರಗಿದ್ದ ಬಲಗೈಯನ್ನು ನಿಧಾನವಾಗಿ ಹೊದಿಕೆಯ ಒಳಗೆ ಎಳೆದುಕೊಂಡರು.

ಅವರಿಗೆ ಮತ್ತೆ ಎಚ್ಚರವಾಗಲಿಲ್ಲ.

ಕ್ರಿಯೆಗಳೆಲ್ಲ ಮುಗಿದು, ಬಂದವರು ಹೋಗಿ, ಒಂದು ತಿಂಗಳಾದ ಮೇಲೆ ಕಚೇರಿಯಿಂದ ನಕ್ಷೆಗಳಿಗಾಗಿ ಒತ್ತಾಯ ಬಂತು. ಬೋರ್ಡನ್ನು ಅಂಗಡಿಗೆ ಒಯ್ಯಲೆಂದು ಬಿಚ್ಚತೊಡಗಿದೆ. ಮೆಮೊರಿ ಪಟ್ಟಿ ತೆಗೆದಾಗ, ಕಿಟಕಿಯ ಬಿಸಿಲು ಓರೆಯಾಗಿ ಬಿದ್ದು, ಎರಡನೆಯ ಸ್ಲಾಟಿನ ಕಪ್ಪು ಸೀಳಿನ ತಳದಲ್ಲಿ ಏನೋ ಹಳದಿ ಕಂಡಿತು. ಸೂಜಿಯಿಂದ ಮೀಟಿ ತೆಗೆದೆ. ಅಕ್ಷತೆಯ ಚೂರು, ಎಳ್ಳಿಗಿಂತ ಚಿಕ್ಕದು. ಅದರಿಂದಾಗಿ ಪಟ್ಟಿ ಒಂದು ಬದಿಯಲ್ಲಿ ಪೂರ್ತಿ ಕೆಳಗೆ ಇಳಿಯುತ್ತಿರಲಿಲ್ಲ. ಕಾಳುಗಳನ್ನು ಆರಿಸಿ ತೆಗೆದವಳು ನಾನು. ಮುರಿದದ್ದೊಂದು ಇರಬಹುದೆಂದು ನನಗೆ ಹೊಳೆದಿರಲಿಲ್ಲ.

ಪಟ್ಟಿಯನ್ನು ಮತ್ತೆ ಹಾಕಿ ಗುಂಡಿ ಒತ್ತಿದೆ. ಪರದೆ ಬೆಳಗಿತು. ಯಾವ ಪ್ರೊಸೆಸರ್, ಎಷ್ಟು ಮೆಮೊರಿ, ಎಲ್ಲ ಬಿಳಿ ಅಕ್ಷರಗಳಲ್ಲಿ ಬಂದವು. ಕೈ ಒರೆಸಿಕೊಳ್ಳುತ್ತ ಅಮ್ಮ ಬಂದು ನಿಂತಳು.

“ಸರಿ ಆಯ್ತಾ? ಎಂತ ಆಗಿತ್ತು ಅದಕ್ಕೆ?”

“ಒಂದು ವಯರ್ ಸಡಿಲ ಇತ್ತು.”

“ಅಷ್ಟೇನಾ? ಪಾಪ, ಇವರು ಸುಮ್ಮನೆ ತಮ್ಮ ಕೈಯನ್ನು ಬೈದುಕೊಂಡ್ರು,” ಎಂದು ಅಮ್ಮ ಒಳಗೆ ಹೋದಳು.

ಸುಳ್ಳು ಅಷ್ಟು ಸುಲಭವಾಗಿ ಬಾಯಿಗೆ ಬಂತು. ಒಂದು ತಿಂಗಳ ಹಿಂದೆ, ಆ ಬಾಗಿಲ ಬಳಿ, ಇದಕ್ಕಿಂತ ಚಿಕ್ಕ ಸುಳ್ಳು ಸಾಕಾಗುತ್ತಿತ್ತು. ಹೌದು ಅಪ್ಪ, ಆಯ್ತು. ಅಲ್ಲಿಂದ ದಹಿಸರಿಗೆ ಹೋಗಿ ಯಾರೂ ಪರೀಕ್ಷಿಸುತ್ತಿರಲಿಲ್ಲ. ಆಗ ನನಗೆ ಇದ್ದದ್ದನ್ನು ಇದ್ದ ಹಾಗೆಯೇ ಹೇಳಬೇಕೆನಿಸಿತ್ತು.

ಅಕ್ಕಿಯ ಚೂರು ಬೆರಳ ತುದಿಗೆ ಅಂಟಿಯೇ ಇತ್ತು. ಅಮ್ಮನಿಗೆ ಕಾಣದಂತೆ ಕೈಯನ್ನು ದುಪಟ್ಟಾದ ಒಳಗೆ ಎಳೆದುಕೊಂಡೆ.